ಅಜ್ಜಿಯನ್ನು ಹಿಂದಿನ ಸೀಟಿಗೆ ಕಳಿಸಿದ ಗುತ್ಯಮ್ಮ

ಗುತ್ಯಮ್ಮ ನಮ್ಮ ಪಕ್ಕದ ಮನೆಗೆ ಬಂದಾಗ ಅವರ ಬಾಯಲ್ಲಿ ಉಳಿದಿದ್ದು ಒಂದೇ ಮಾತು. "ನಾಳೆ."

ಊಟ ಆಯ್ತಾ ಅಂದರೂ ನಾಳೆ. ನೀರು ಬೇಕಾ ಅಂದರೂ ನಾಳೆ. ಕಾಲು ನೋಯುತ್ತಾ ಅಂತ ಕೇಳಿದರೆ ಮುಖ ಬಿಗಿಹಿಡಿದು, ಏನೋ ದೊಡ್ಡ ವಿಷಯ ಹೇಳುವವರ ಹಾಗೆ ಬಾಯಿ ತೆರೆದು, ಕೊನೆಗೆ ಹೊರಗೆ ಬರುತ್ತಿದ್ದದ್ದು ಅದೇ, ನಾಳೆ. ಮೊದಮೊದಲು ನಮ್ಮ ಓಣಿಯ ಹೆಂಗಸರಿಗೆ ನಗು ಬಂತು. ಆಮೇಲೆ ಪಾಪ ಅಂದರು. ಆಮೇಲೆ ಅವರನ್ನು ಕೇಳುವುದನ್ನೇ ಬಿಟ್ಟು, ಏನಿದ್ದರೂ ಮಗಳನ್ನು ಕೇಳತೊಡಗಿದರು.

ಮಗಳು ಧನಲಕ್ಷ್ಮಿ ನಮ್ಮ ಶಿಕಾರಿಪುರದಲ್ಲೇ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಅಳಿಯ ಲೋಕೇಶ ಲೈನ್‌ಮ್ಯಾನ್. ಗುತ್ಯಮ್ಮನ ಊರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿಬಿಟ್ಟರಂತೆ. ಗಂಡ ಸಣ್ಣಪ್ಪ ಓಡಿಬಂದು ಎತ್ತಿ ಕೂರಿಸುವಷ್ಟರಲ್ಲಿ ಬಲಗೈ, ಬಲಗಾಲು ಎರಡೂ ಸೋತಿದ್ದವು. ಲಕ್ವಾ. ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿಕೊಂಡರು. ಕೈಕಾಲಿಗೆ ವ್ಯಾಯಾಮ ಮಾಡಿಸುವವರು ಕುಪ್ಪಗಡ್ಡೆಯಲ್ಲಿ ಯಾರಿದ್ದಾರೆ? ಹಾಗಾಗಿ ಮಗಳು ಇಲ್ಲಿಗೆ ಕರೆತಂದಳು. ದನಕರು ಬಿಟ್ಟು ಬರುವ ಹಾಗಿಲ್ಲವಾದ್ದರಿಂದ ಸಣ್ಣಪ್ಪ ಊರಲ್ಲೇ ಉಳಿದರು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಬರುತ್ತಿದ್ದರು, ಹೆಂಡತಿಯ ಎದುರು ಕೂತು ಸುಮ್ಮನೆ ನೆಲ ನೋಡುತ್ತಿದ್ದರು.

"ನಿರ್ಮಲಕ್ಕ, ಹಗಲೊತ್ತು ಸ್ವಲ್ಪ ಅವ್ವನ ಹತ್ರ ಕೂತಿರ್ತೀರಾ?" ಅಂತ ಧನಲಕ್ಷ್ಮಿ ನನ್ನನ್ನು ಕೇಳಿದಳು. "ಒಬ್ಳನ್ನೇ ಬಿಟ್ಟು ಹೋಗಕ್ಕೆ ಧೈರ್ಯ ಬರಲ್ಲ."

ನನಗೇನು ಕೆಲಸ? ನಮ್ಮ ಮನೆಯವರು ಪೈಪು, ಮೋಟಾರಿನ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಮಗಳು ಗಂಗಾಶ್ರೀ ದಾವಣಗೆರೆಯಲ್ಲಿ ಓದುತ್ತಾಳೆ. ಅಡುಗೆ ಮುಗಿಸಿ, ಫೋನ್ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ಕೂರುವುದು ನನಗೆ ರೂಢಿಯಾಯಿತು.

ಗುತ್ಯಮ್ಮ ಯಾರು ಅನ್ನುವುದು ನನಗೆ ಗೊತ್ತಾಗಿದ್ದು ಧನಲಕ್ಷ್ಮಿಯ ಬಾಯಿಂದ. ಕುಪ್ಪಗಡ್ಡೆ, ಹೊಸಬಾಳೆ ಕಡೆಯಲ್ಲಿ ಭತ್ತದ ನಾಟಿ ಬಂತೆಂದರೆ ಜನ ಮೊದಲು ಕೇಳುತ್ತಿದ್ದದ್ದು ಗುತ್ಯಮ್ಮನ ಗುಂಪು ಯಾವತ್ತು ಬಿಡುವಾಗಿದೆ ಅಂತ. ಹೆಂಗಸರದೇ ಗುಂಪು. ಎಲ್ಲರೂ ಒಂದೇ ಸಾಲಲ್ಲಿ ಬಗ್ಗಿ ಸಸಿ ನೆಡುತ್ತಾ ಹಿಂದಕ್ಕೆ ಹಿಂದಕ್ಕೆ ಬರಬೇಕು. ಸಾಲು ಎಲ್ಲೂ ಸೊಟ್ಟಗಾಗಬಾರದು. ಅವರ ದನಿ ಎರಡು ಗದ್ದೆ ಆಚೆಗೂ ಕೇಳುತ್ತಿತ್ತಂತೆ.

ಹೊಸಬಾಳೆಯ ಮಹೇಶ್ವರಪ್ಪ ಅಂತ ದೊಡ್ಡ ಗದ್ದೆಯವರು. ಒಂದು ವರ್ಷ ಮೊದಲ ದಿನದ ನಾಟಿ ಮುಗಿದ ಮೇಲೆ ಹೆಂಗಸರನ್ನು ಊರಿಗೆ ಬಿಡಲು ಟೆಂಪೋ ಕಳಿಸುತ್ತೇನೆ ಅಂದವರು ಕಳಿಸಲೇ ಇಲ್ಲ. ಗುಂಪೆಲ್ಲ ಒದ್ದೆ ಬಟ್ಟೆಯಲ್ಲಿ ನಡೆದುಕೊಂಡೇ ಊರು ಸೇರಿತು. ಮಾರನೆ ದಿನ ಗುತ್ಯಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಗುಂಪನ್ನು ಕರೆದುಕೊಂಡು ಹೋದರು. ಆದರೆ ಒಬ್ಬರೂ ಗದ್ದೆಗೆ ಇಳಿಯಲಿಲ್ಲ. ಬದುವಿನ ಮೇಲೆ ಸಾಲಾಗಿ ನಿಂತರು.

"ಎಂತಕ್ಕೆ ನಿಂತೀರಿ?" ಅಂತ ಮಹೇಶ್ವರಪ್ಪ ಕೂಗಿದರಂತೆ.

"ಸಂಜೆಗೆ ಬರೋ ಟೆಂಪೋ ಈಗ್ಲೇ ಬಂದು ಇಲ್ಲಿ ನಿಲ್ಲಲಿ. ಅದರ ಮುಖ ನೋಡ್ಕೊಂಡೇ ನಾಟಿ ಮಾಡ್ತೀವಿ," ಅಂದರಂತೆ ಗುತ್ಯಮ್ಮ.

ಟೆಂಪೋ ಬಂತು. ಇಡೀ ದಿನ ಗದ್ದೆಯ ಪಕ್ಕ ನಿಂತಿತ್ತು. ಅಂದಿನಿಂದ ಮಹೇಶ್ವರಪ್ಪ ಅವರನ್ನು "ಗುತ್ಯಮ್ಮ" ಅಂತ ಬರಿಯ ಹೆಸರಿನಿಂದ ಕರೆಯುವುದು ಬಿಟ್ಟು "ಗುತ್ಯಮ್ಮನೋರೆ" ಅಂದರು.

ಅಂಥವರನ್ನು ಈಗ ಕುರ್ಚಿಯಲ್ಲಿ ಕೂರಿಸಿ, ಕತ್ತಿಗೆ ಟವೆಲ್ ಕಟ್ಟಿ, ಚಮಚದಲ್ಲಿ ಗಂಜಿ ತಿನ್ನಿಸುತ್ತಿದ್ದರು. ಬಂದವರು ಅವರ ಎದುರೇ ಅವರ ವಿಷಯ ಮಾತಾಡುತ್ತಿದ್ದರು. ಏನೂ ತಿಳಿಯುವುದಿಲ್ಲವಂತೆ, ಮಗುವಿನ ಹಾಗೆ ಆಗಿದ್ದಾರಂತೆ, ಇನ್ನು ಇಷ್ಟೇ ಅಂತೆ. ಬೇಜಾರು ಕಳೆಯಲಿ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಟೀವಿಯಲ್ಲಿ ಭಕ್ತಿಗೀತೆ ಹಾಕಿಟ್ಟಿರುತ್ತಿದ್ದರು.

ಒಂದು ಭಾನುವಾರ ಅವರ ಗುಂಪಿನ ಹೆಂಗಸರು ಬಾಳೆಹಣ್ಣು, ಬಿಸ್ಕತ್ತು ಹಿಡಿದುಕೊಂಡು ನೋಡಲು ಬಂದರು. ನಾನೂ ಅಲ್ಲೇ ಇದ್ದೆ. ಲೋಕಮ್ಮ ಅನ್ನುವವರು ಹತ್ತಿರ ಬಂದು ಕೈ ಹಿಡಿದುಕೊಂಡು ಜೋರಾಗಿ, ಕಿವುಡರಿಗೆ ಹೇಳುವ ಹಾಗೆ, "ಅಕ್ಕಾ, ನಾನು ಲೋಕಮ್ಮ! ಗುರ್ತು ಸಿಕ್ತಾ?" ಅಂದರು.

"ನಾಳೆ," ಅಂದರು ಗುತ್ಯಮ್ಮ.

ಲೋಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಯಮುನಮ್ಮ, "ಈ ಸಲದ ನಾಟಿಗೆ ಗುಂಪು ನಾನೇ ನೋಡ್ಕೋಬೇಕಾಗ್ತದೆ," ಅಂದರು. "ನೀನ್ಯಾಕೆ? ಅಕ್ಕನ ಜೊತೆ ಮೊದಲಿಂದ ಇದ್ದೋಳು ನಾನು," ಅಂತ ಲೋಕಮ್ಮ ಅಂದರು. ಮಾತಿಗೆ ಮಾತು ಬೆಳೆಯಿತು. ಗುತ್ಯಮ್ಮ ಎಡಗೈಯಲ್ಲಿ ಕುರ್ಚಿಯ ಹಿಡಿಯನ್ನು ಪಟಪಟ ಬಡಿದರು. "ನಾಳೆ! ನಾಳೆ! ನಾಳೆ!" ಮುಖವೆಲ್ಲ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಧನಲಕ್ಷ್ಮಿ ಗಾಬರಿಯಾಗಿ, "ಅವ್ವಂಗೆ ಆಯಾಸ ಆಗೈತೆ, ಇನ್ನೊಂದಿನ ಬರ್ರಿ," ಅಂತ ಎಲ್ಲರನ್ನೂ ಕಳಿಸಿಕೊಟ್ಟಳು.

ಇನ್ನು ನನ್ನ ಫೋನಿನ ವಿಷಯ ಹೇಳಬೇಕು. ಗಂಗಾಶ್ರೀ ರಜೆಗೆ ಬಂದಿದ್ದಾಗ ಅದರಲ್ಲಿ ಒಂದು ಆಟ ಹಾಕಿಕೊಟ್ಟು ಹೋಗಿದ್ದಳು. ಯಾರು ಯಾರು ಎಲ್ಲಿ ಕೂರಬೇಕು ಅಂತ ಕಂಡುಹಿಡಿಯುವ ಆಟ. ನನಗೆ ಅದು ಎಷ್ಟು ಹಿಡಿಸಿತೆಂದರೆ ಸಾರು ಕುದಿಯುವಾಗಲೂ ಒಂದು ಕೈಯಲ್ಲಿ ಫೋನ್. ಒಂದೊಂದು ಹಂತ ದಾಟಿಕೊಂಡು ಬಂದವಳು ಒಂದು ಬಸ್ಸಿನ ಹಂತದಲ್ಲಿ ಸಿಕ್ಕಿಬಿದ್ದೆ.

ಬಸ್ಸು ಸಣ್ಣದು. ಮುಂದೆ ಮೂರು ಸೀಟು, ಹಿಂದೆ ಮೂರು ಸೀಟು. ಎರಡೂ ಸಾಲಿನ ಎಡತುದಿಗೆ ಒಂದೊಂದು ಕಿಟಕಿ. ಬಾಗಿಲು ಮಾತ್ರ ಒಂದೇ, ಮುಂದಿನ ಸಾಲಿನ ಬಲತುದಿಗೆ. ಹತ್ತಬೇಕಾದವರು ಒಬ್ಬ ಅಜ್ಜಿ, ಒಂದು ಮಗು, ಒಬ್ಬ ಪೊಲೀಸ್, ಒಬ್ಬ ಕಳ್ಳ, ಒಂದು ನಾಯಿ, ಒಂದು ಬೆಕ್ಕು. ಒಬ್ಬೊಬ್ಬರನ್ನೂ ಬೆರಳಲ್ಲಿ ಮುಟ್ಟಿದರೆ ಅವರಿಗೇನು ಬೇಕು ಅನ್ನುವುದು ತಲೆಯ ಮೇಲೆ ಚಿತ್ರವಾಗಿ ಮೂಡುತ್ತದೆ. ಓದುವುದಕ್ಕೆ ಅಕ್ಷರ ಇಲ್ಲ. ಅಜ್ಜಿಗೆ ಕಿಟಕಿ ಬೇಕು. ಬೆಕ್ಕಿಗೂ ಕಿಟಕಿ ಬೇಕು. ಮಗುವಿಗೆ ಅಜ್ಜಿಯ ಪಕ್ಕ ಬೇಕು. ಪೊಲೀಸ್ ಬಾಗಿಲ ಹತ್ತಿರವೇ ಕೂರುತ್ತಾನೆ, ಕಳ್ಳ ಅವನ ಪಕ್ಕ ಇರಬೇಕು. ಕಳ್ಳನಿಗೆ ನಾಯಿ ಎಂದರೆ ಭಯ, ಅದು ಅವನ ಪಕ್ಕದಲ್ಲೂ ಇರಬಾರದು, ಹಿಂದೆ ಮುಂದೆಯೂ ಇರಬಾರದು. ಎಲ್ಲರೂ ಸರಿಯಾಗಿ ಕೂತರೆ ಬಸ್ಸು ಹಾರ್ನ್ ಹೊಡೆದು ಹೊರಡುತ್ತದೆ. ಒಬ್ಬರಿಗೆ ಒಪ್ಪಿಗೆಯಾಗದಿದ್ದರೂ ಅವರ ಮುಖ ಕೆಂಪಾಗುತ್ತದೆ, ಬಸ್ಸು ಅಲ್ಲಾಡುವುದಿಲ್ಲ.

ನಾನು ಅಜ್ಜಿಯನ್ನು ಮುಂದಿನ ಕಿಟಕಿಗೆ ಕೂರಿಸುತ್ತಿದ್ದೆ. ಪಕ್ಕದಲ್ಲಿ ಮಗು. ಬಾಗಿಲ ಹತ್ತಿರ ಪೊಲೀಸ್. ಅಲ್ಲಿಗೆ ಮುಂದಿನ ಸಾಲು ತುಂಬಿತು, ಕಳ್ಳನಿಗೆ ಪೊಲೀಸಿನ ಪಕ್ಕ ಜಾಗವಿಲ್ಲ. ಮಗುವನ್ನು ಎಬ್ಬಿಸಿ ಕಳ್ಳನನ್ನು ಕೂರಿಸಿದರೆ ಮಗು ಅಳುತ್ತದೆ. ಹೇಗೆ ತಿರುಗಿಸಿದರೂ ಒಬ್ಬರ ಮುಖ ಕೆಂಪು. ಗಂಗಾಶ್ರೀಗೆ ಫೋನ್ ಮಾಡಿ ಕೇಳಿದೆ. "ನೀನೇ ಮಾಡಬೇಕಮ್ಮಾ, ನಾ ಹೇಳಿದ್ರೆ ಏನು ಮಜಾ ಐತಿ?" ಅಂತ ಫೋನ್ ಇಟ್ಟಳು.

ಮೇ ತಿಂಗಳ ಒಂದು ಮಧ್ಯಾಹ್ನ. ಫ್ಯಾನ್ ತಿರುಗುತ್ತಿತ್ತು, ಟೀವಿಯಲ್ಲಿ ಯಥಾಪ್ರಕಾರ ಭಜನೆ. ನಾನು ಗುತ್ಯಮ್ಮನ ಪಕ್ಕ ಕೂತು ಅದೇ ಬಸ್ಸಿನ ಜೊತೆ ಗುದ್ದಾಡುತ್ತಿದ್ದೆ. ಅವರು ಕತ್ತು ವಾಲಿಸಿ ಫೋನ್ ನೋಡುತ್ತಿದ್ದರು. ಬಣ್ಣ ಕಂಡು ನೋಡುತ್ತಾರೆ ಅಂದುಕೊಂಡು ಅವರಿಗೂ ಕಾಣುವ ಹಾಗೆ ಹಿಡಿದೆ. ಕಳ್ಳನ ಮುಖ ಮತ್ತೆ ಕೆಂಪಾದಾಗ, "ಥೂ, ಇವನೊಬ್ಬ!" ಅಂದೆ.

"ಹ್ಞಂ," ಅಂತ ಗುತ್ಯಮ್ಮ ಮೂಗಲ್ಲಿ ದನಿ ಮಾಡಿದರು. ಎಡಗೈ ಎತ್ತಿ ಫೋನಿನ ಕಡೆ ಚಾಚಿದರು.

"ಬೇಕೇನ್ರೀ? ತಗೊಳ್ರೀ," ಅಂತ ಅವರ ತೊಡೆಯ ಮೇಲೆ ಇಟ್ಟೆ.

ಮೊದಲು ಬೆರಳು ತಪ್ಪಿ ಬೇರೆ ಎಲ್ಲೋ ತಾಗಿತು. ಸೀರೆ ಅಂಗಡಿಯ ಜಾಹೀರಾತು ಬಂದು ಹಾಡತೊಡಗಿತು. ನಾನು ಅದನ್ನು ಮುಚ್ಚಿಕೊಟ್ಟೆ. ಈ ಸಲ ಬೆರಳು ಅಜ್ಜಿಯ ಮೇಲೆ ಬಿತ್ತು. ಉಗುರಿನ ಸಂದಿಯಲ್ಲಿ ವರ್ಷಗಟ್ಟಲೆ ಕೆಸರು ಕೂತ ಕಪ್ಪು ಗೆರೆ. ಅಜ್ಜಿಯನ್ನು ಮುಂದಿನ ಕಿಟಕಿಯಿಂದ ಎಳೆದರು. ಹಿಂದಿನ ಸಾಲಿನ ಕಿಟಕಿಗೆ ತಂದು ಬಿಟ್ಟರು. ಅಜ್ಜಿಯ ಮುಖ ಕೆಂಪಾಗಲಿಲ್ಲ, ನಕ್ಕಿತು.

ನನಗೆ ಒಂಥರಾ ಆಯಿತು. ಅಜ್ಜಿಗೆ ಕಿಟಕಿ ಬೇಕು ಅಂತ ಇತ್ತೇ ಹೊರತು ಮುಂದಿನ ಸೀಟೇ ಬೇಕು ಅಂತ ಎಲ್ಲಿತ್ತು? ಹಿರಿಯರು ಅಂದ ಕೂಡಲೇ ಮುಂದೆ ಕೂರಿಸಿದವಳು ನಾನು.

ಗುತ್ಯಮ್ಮ ನನ್ನ ಮುಖ ನೋಡಲಿಲ್ಲ. ಮಗುವನ್ನು ಎಳೆದು ಅಜ್ಜಿಯ ಪಕ್ಕಕ್ಕೆ ತಂದರು. ಮಗುವಿನ ಪಕ್ಕ ನಾಯಿ. ಮುಂದಿನ ಕಿಟಕಿಗೆ ಬೆಕ್ಕು. ಆಮೇಲೆ ಬೆರಳನ್ನು ಗಾಳಿಯಲ್ಲೇ ಹಿಡಿದು ಸ್ವಲ್ಪ ಹೊತ್ತು ತಡೆದರು. ಕಳ್ಳನನ್ನು ಎತ್ತಿ ಬೆಕ್ಕಿನ ಪಕ್ಕ ಇಟ್ಟರು, ಪೊಲೀಸಿಗೆ ಸರಿಯಾಗಿ ತಾಗಿಕೊಂಡು. ನಾಯಿ ಕಳ್ಳನ ಹಿಂದೆ ಇರಲಿಲ್ಲ, ಪೊಲೀಸಿನ ಹಿಂದಿತ್ತು.

ಬಸ್ಸು ಪೋಂ ಅಂತ ಹಾರ್ನ್ ಹೊಡೆದು ಹೊರಟಿತು.

ಗುತ್ಯಮ್ಮ ಆಗ ತಲೆಯೆತ್ತಿ ನನ್ನನ್ನು ನೋಡಿದರು. ನೆಟ್ಟಗೆ, ಕಣ್ಣಲ್ಲಿ ಕಣ್ಣಿಟ್ಟು. ಆ ನೋಟ ನಾನು ಯಾವತ್ತೂ ಮರೆಯುವುದಿಲ್ಲ. ಮಗುವಿನ ನೋಟ ಅಲ್ಲ ಅದು. ಕೆಲಸ ಗೊತ್ತಿರುವವರು ಕೆಲಸ ಮುಗಿಸಿ, ಮುಂದೇನು ಅಂತ ನೋಡುವ ನೋಟ.

"ಗುತ್ಯಮ್ಮ," ಅಂದೆ. "ನಿಮಗೆ ಎಲ್ಲಾ ತಿಳಿತೈತೇನ್ರೀ?"

ಅವರು ಕಣ್ಣು ಮುಚ್ಚಿ ತೆರೆದರು. "ನಾಳೆ," ಅಂದರು, ತೀರಾ ಮೆಲ್ಲಗೆ.

ಸಂಜೆ ಧನಲಕ್ಷ್ಮಿ ಬಂದಾಗ ಅವಳು ಚಪ್ಪಲಿ ಬಿಡುವುದಕ್ಕೂ ಬಿಡದೆ ಎಲ್ಲವನ್ನೂ ಹೇಳಿದೆ. ಅವಳು ನಂಬಲಿಲ್ಲ. "ಅಕ್ಕಾ, ಸುಮ್ನೆ ಕೈ ಆಡಿಸ್ತಾ ಆಡಿಸ್ತಾ ಸರಿ ಬಿದ್ದಿರ್ತದೆ. ಆಸೆ ಹುಟ್ಟಿಸ್ಬೇಡಿ," ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಆಸೆ ಪಟ್ಟು ಪಟ್ಟು ಸೋತವರ ಭಯ.

"ಹಂಗಾದ್ರೆ ಬಾ, ನೀನೇ ನೋಡು," ಅಂತ ಮುಂದಿನ ಹಂತ ತೆರೆದು ಗುತ್ಯಮ್ಮನ ಎದುರು ಇಟ್ಟೆ. ನಾನೂ ನೋಡಿರದ ಹಂತ ಅದು. ಮದುವೆ ಮನೆಯ ಊಟದ ಸಾಲು, ಬಸ್ಸಿಗಿಂತ ಹೆಚ್ಚು ಜನ. ಲೋಕೇಶನೂ ಬಂದು ಬಾಗಿಲಲ್ಲಿ ನಿಂತ.

ಗುತ್ಯಮ್ಮ ಮೊದಲು ಒಬ್ಬೊಬ್ಬರನ್ನೇ ಮುಟ್ಟಿ ಎಲ್ಲರ ಚಿತ್ರ ನೋಡಿಕೊಂಡರು. ಆಮೇಲೆ ಕೂರಿಸತೊಡಗಿದರು. ಒಂದು ಕಡೆ ತಪ್ಪಿತು, ಮದುಮಗನ ಮುಖ ಕೆಂಪಾಯಿತು. ಧನಲಕ್ಷ್ಮಿ ಮುಖ ತಿರುಗಿಸಿಕೊಂಡಳು. ಆದರೆ ಗುತ್ಯಮ್ಮ ಮದುಮಗನನ್ನು ಮುಟ್ಟಲಿಲ್ಲ. ಅವನಿಂದ ದೂರ, ಸಾಲಿನ ಇನ್ನೊಂದು ತುದಿಯಲ್ಲಿದ್ದ ಅಡುಗೆಯವನನ್ನು ಎಬ್ಬಿಸಿ ಪಕ್ಕಕ್ಕೆ ಸರಿಸಿದರು. ಆಮೇಲೆ ಅವನ ಜಾಗಕ್ಕೆ ಇನ್ನೊಬ್ಬರು, ಅವರ ಜಾಗಕ್ಕೆ ಮತ್ತೊಬ್ಬರು. ಸಾಲು ಪೂರ್ತಿ ಜರುಗಿದ ಮೇಲೆ ಮದುಮಗ ತಾನಾಗಿಯೇ ನಕ್ಕ. ಓಲಗ ಮೊಳಗಿತು.

ಲೋಕೇಶ, "ಅತ್ತೆ!" ಅಂತ ಕೂಗಿಬಿಟ್ಟ.

ಧನಲಕ್ಷ್ಮಿ ನೆಲದ ಮೇಲೆ ಕೂತು ತಾಯಿಯ ಮೊಣಕಾಲಿಗೆ ಮುಖ ಒತ್ತಿಕೊಂಡಳು. "ಅವ್ವಾ, ಇಷ್ಟು ದಿನ ನಾವು ಆಡಿದ ಮಾತೆಲ್ಲ ನಿಂಗೆ ತಿಳೀತಿತ್ತಾ?" ಗುತ್ಯಮ್ಮ ಎಡಗೈಯಲ್ಲಿ ಮಗಳ ತಲೆ ಸವರಿದರು. ಆಮೇಲೆ ಅದೇ ಕೈಯಲ್ಲಿ ಟೇಬಲ್ಲಿನ ಕಡೆ ತೋರಿಸಿ ತೋರಿಸಿ, ಏನೋ ಬೇಕು ಅಂದರು. ನೀರಿನ ಲೋಟ ಕೊಟ್ಟರೆ ತಳ್ಳಿದರು. ಮಾತ್ರೆಯ ಡಬ್ಬಿ ಕೊಟ್ಟರೆ ತಳ್ಳಿದರು. ಕೊನೆಗೆ ಲೋಕೇಶ ಟೀವಿ ರಿಮೋಟ್ ತಂದು ಕೈಗಿಟ್ಟ. ಅವರು ಅದನ್ನು ತೊಡೆಗೆ ಒರಗಿಸಿಕೊಂಡು, ಹೆಬ್ಬೆರಳಲ್ಲಿ ಒತ್ತಿ ಭಜನೆ ನಿಲ್ಲಿಸಿದರು. ದೊಡ್ಡದಾಗಿ ಉಸಿರು ಬಿಟ್ಟರು. ಅಳುತ್ತಿದ್ದ ಧನಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ನಾವೆಲ್ಲ ನಕ್ಕೆವು, ಗುತ್ಯಮ್ಮನೂ ನಕ್ಕರು. ಆ ಮನೆಯಲ್ಲಿ ಅವರು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಶಿವಮೊಗ್ಗಕ್ಕೆ ಹೋದಾಗ ಧನಲಕ್ಷ್ಮಿ ನನ್ನ ಫೋನನ್ನೂ ಒಯ್ದು ಆ ಆಟ ತೋರಿಸಿದಳು. ಮಾತು ಕಲಿಸುವ ಮೇಡಂ ಒಬ್ಬರು ಗುತ್ಯಮ್ಮನನ್ನು ತಮ್ಮ ಎದುರು ಕೂರಿಸಿಕೊಂಡು ನಿಧಾನವಾಗಿ ನೋಡಿದರಂತೆ. "ಮಿದುಳಲ್ಲಿ ಪೆಟ್ಟು ಬಿದ್ದಿರೋದು ಮಾತಿನ ಜಾಗಕ್ಕೆ. ಇವರ ತಿಳುವಳಿಕೆ ಚೆನ್ನಾಗಿದೆ. ಹೇಳಬೇಕಾದ್ದು ಒಳಗಿದೆ, ದಾರಿ ಮುಚ್ಚಿದೆ ಅಷ್ಟೇ," ಅಂದರಂತೆ. ಕತ್ತಿನ ಟವೆಲ್ ಅವತ್ತೇ ಹೋಯಿತು. ಗುತ್ಯಮ್ಮ ಎಡಗೈಯಲ್ಲೇ ಚೆಲ್ಲಿಕೊಂಡು ಊಟ ಮಾಡುವುದು ಕಲಿತರು. ಮೇಡಂ ಹೇಳಿದ ಹಾಗೆ ದಿನಾ ಬೆಳಗ್ಗೆ ಮಗಳು ತಾಯಿಯ ಎದುರು ಕೂತು ಒಂದೊಂದೇ ಮಾತನ್ನು ಹಾಡಿನಂತೆ ಎಳೆದು ಎಳೆದು ಹೇಳಿಕೊಡುತ್ತಿದ್ದಳು. ಗೋಡೆಯಾಚೆ ನನಗೆ ಕೇಳುತ್ತಿತ್ತು. ನೀ…ರು. ಅ…ನ್ನ. ಧ…ನು. ಒಂದು ದಿನ ಆ ಮೂರನೆಯದು, ಮಗಳ ಹೆಸರು, ಎರಡು ದನಿಯಲ್ಲಿ ಕೇಳಿಸಿತು. ನಾನು ಒಲೆ ಆರಿಸಿ ಆ ಮನೆಗೆ ಓಡಿದೆ.

ಜುಲೈ ಬಂತು. ಒಂದು ಬೆಳಗ್ಗೆ ಲೋಕಮ್ಮನ ಫೋನ್. ಗುಂಪು ಒಡೆದು ಎರಡಾಗುವ ಹಾಗಿದೆ. ಅರ್ಧ ಜನ ಲೋಕಮ್ಮನ ಕಡೆ, ಅರ್ಧ ಜನ ಯಮುನಮ್ಮನ ಕಡೆ. ಒಬ್ಬರ ಪಕ್ಕ ಇನ್ನೊಬ್ಬರು ನಿಲ್ಲುವುದಿಲ್ಲ ಅನ್ನುತ್ತಾರೆ. ಮಹೇಶ್ವರಪ್ಪನವರು ಬೇಸತ್ತು ನಾಟಿ ಮೆಷಿನ್ ಕರೆಸುತ್ತೇನೆ ಅಂದಿದ್ದಾರೆ. "ಅಕ್ಕ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಧನು," ಅಂತ ಲೋಕಮ್ಮ ಅತ್ತರು.

"ಅವ್ವ ಇದ್ದಾಳಲ್ಲ, ಎಲ್ಲಿಗೆ ಹೋಗಿದ್ದಾಳೆ?" ಅಂದಳು ಧನಲಕ್ಷ್ಮಿ.

ಅವಳು ಗುಂಪಿನ ಎಲ್ಲರ ಫೋಟೋ ವಾಟ್ಸಾಪಿಗೆ ಕಳಿಸಲು ಹೇಳಿದಳು. ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದಲ್ಲಿ ಅವನ್ನು ಸಣ್ಣ ಸಣ್ಣದಾಗಿ ಪ್ರಿಂಟ್ ಹಾಕಿಸಿ ತಂದು ಊಟದ ಟೇಬಲ್ಲಿನ ಮೇಲೆ ಹರಡಿದಳು. "ಅವ್ವಾ, ಈ ಸಲ ಯಾರು ಎಲ್ಲಿ ನಿಲ್ಲಬೇಕು, ನೀನೇ ಹೇಳು."

ಗುತ್ಯಮ್ಮ ಒಂದೊಂದು ಮುಖವನ್ನೂ ಹತ್ತಿರಕ್ಕೆ ಹಿಡಿದು ನೋಡಿದರು. ಒಂದು ಫೋಟೋ ಕಂಡು ನಕ್ಕರು, ಇನ್ನೊಂದನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಸಾಲು ಶುರುವಾಯಿತು. ಲೋಕಮ್ಮನನ್ನು ಒಂದು ತುದಿಗೆ ಇಟ್ಟರು, ಯಮುನಮ್ಮನನ್ನು ಇನ್ನೊಂದು ತುದಿಗೆ. ಇಬ್ಬರಿಗೂ ಮುಖ್ಯ ಜಾಗ, ತುದಿಯವರು ನೆಟ್ಟಗಿದ್ದರೆ ಸಾಲು ನೆಟ್ಟಗಿರುತ್ತದೆ. ಲೋಕಮ್ಮನ ಪಕ್ಷದವರನ್ನು ಯಮುನಮ್ಮನ ಪಕ್ಕ ತಂದರು, ಯಮುನಮ್ಮನ ಪಕ್ಷದವರನ್ನು ಲೋಕಮ್ಮನ ಪಕ್ಕ. ಹೊಸದಾಗಿ ಸೇರಿದವರು ನಡುವೆ, ಅವರ ಆಚೆ ಈಚೆ ಕೈ ಚುರುಕಾದವರು.

ಲೋಕಮ್ಮ ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದರು. "ಸರಿ ಅಕ್ಕಾ, ಒಪ್ಪಿದೆ. ಆದ್ರೆ ಹೇಳೋರು ಯಾರು? ನಾನಾ, ಅವಳಾ?"

ಗುತ್ಯಮ್ಮ ಟೇಬಲ್ಲಿನ ಮೇಲೆ ಏನನ್ನೋ ಹುಡುಕಿದರು. ಫೋಟೋಗಳನ್ನು ಮಗುಚಿ ನೋಡಿದರು. ಸಿಗಲಿಲ್ಲ. ಸಿಟ್ಟಿನಿಂದ ಮಗಳ ಕಡೆ ನೋಡಿದರು. ಮಗಳಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಆಗ ಅವರು ತಮ್ಮ ಕನ್ನಡಕ ತೆಗೆದರು. ಅದನ್ನು ಸಾಲಿನಲ್ಲಿ ಇಡಲಿಲ್ಲ. ಸಾಲಿನಿಂದ ಆಚೆ, ಟೇಬಲ್ಲಿನ ಅಂಚಿಗೆ, ಎಲ್ಲ ಫೋಟೋಗಳಿಗೂ ಎದುರಾಗಿ ಇಟ್ಟು ಬೆರಳಲ್ಲಿ ತಮ್ಮ ಎದೆ ತಟ್ಟಿಕೊಂಡರು.

"ಬದುವಿನ ಮೇಲೆ," ಅಂದರು ಫೋನಿನೊಳಗಿಂದ ಲೋಕಮ್ಮ. "ಅಕ್ಕ ಬದುವಿನ ಮೇಲೆ ನಿಲ್ತೀನಿ ಅಂತಿದ್ದಾಳೆ!"

ಧನಲಕ್ಷ್ಮಿ ಬೇಡ ಅಂದಳು. ಮಳೆ, ಜಾರಿಕೆ, ಬಿದ್ದರೆ ಏನು ಗತಿ ಅಂದಳು. ಗುತ್ಯಮ್ಮ ಕನ್ನಡಕವನ್ನು ಅಂಚಿನಿಂದ ಕದಲಿಸಲಿಲ್ಲ. ಕೊನೆಗೆ ಶಿವಮೊಗ್ಗದ ಡಾಕ್ಟರನ್ನೇ ಫೋನಿನಲ್ಲಿ ಕೇಳಿದಳು. ಕೂತಿರುವುದಾದರೆ, ಜೊತೆಗೆ ಯಾರಾದರೂ ಇರುವುದಾದರೆ ಹೋಗಬಹುದು ಅಂದರಂತೆ.

ನಾನೂ ಹೋದೆ. ನಮ್ಮ ಮನೆಯವರು, "ನಿನಗೇನು ಕೆಲಸ ಅಲ್ಲಿ?" ಅಂದರು. "ಈ ತಮಾಷೆ ಬಿಟ್ಟು ಮನೇಲಿ ಕೂತಿರ್ಲೇನು?" ಅಂದೆ. ಲೋಕೇಶ ರಜೆ ಹಾಕಿ, ಗೆಳೆಯನ ಕಾರು ತಂದ. ಹೊಸಬಾಳೆಯಲ್ಲಿ ಗದ್ದೆಯ ಅಂಚಿನವರೆಗೆ ಅತ್ತೆಯನ್ನು ಅವನೂ ಸಣ್ಣಪ್ಪನವರೂ ಎರಡು ಕಡೆ ಹಿಡಿದು ನಡೆಸಿದರು. ಬದು ಅಗಲವಾದ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಸಣ್ಣಪ್ಪ ಕೊಡೆ ಹಿಡಿದು ಹಿಂದೆ ನಿಂತರು. ಆ ದಿನ ಅವರು ನೆಲ ನೋಡಲಿಲ್ಲ.

ಹೆಂಗಸರು ಕೆಸರಿಗೆ ಇಳಿದರು, ಟೇಬಲ್ಲಿನ ಮೇಲೆ ಇದ್ದ ಹಾಗೇ ನಿಂತರು. ಬಗ್ಗಿ ನೆಡತೊಡಗಿದರು. ಸ್ವಲ್ಪ ಹೊತ್ತಿಗೆ ನಡುವಿನ ಹೊಸಬಳೊಬ್ಬಳು ಹಿಂದೆ ಬಿದ್ದಳು, ಸಾಲು ಅಲ್ಲಿ ಬಾಗಿತು.

"ನಾಳೇ!" ಅಂತ ಗುತ್ಯಮ್ಮ ಕೂಗಿದರು.

ಆ ದನಿ! ನಾನು ಅಷ್ಟು ದಿನ ಗೋಡೆಯಾಚೆ ಕೇಳಿದ್ದು ಯಾವುದೋ, ಇದು ಯಾವುದೋ. ಗದ್ದೆಯಾಚೆಯ ಗದ್ದೆಯಲ್ಲಿ ಟ್ರಾಕ್ಟರ್ ಹೊಡೆಯುತ್ತಿದ್ದವನೂ ತಿರುಗಿ ನೋಡಿದ. ಕೂಗಿದ ಮಾತು ಬೇರೆ, ಹೇಳಿದ ಅರ್ಥ ಬೇರೆ. ಆದರೆ ಲೋಕಮ್ಮ ಅದನ್ನು ಒಂದು ಕ್ಷಣವೂ ತಡಮಾಡದೆ ಅರ್ಥ ಮಾಡಿಕೊಂಡು, "ಹೂಂ ಅಕ್ಕಾ!" ಅಂದು, ಹೊಸಬಳ ಆಚೀಚೆ ಇದ್ದವರಿಗೆ ಅವಳ ಪಾಲನ್ನೂ ಸ್ವಲ್ಪ ಹಂಚಿಕೊಳ್ಳಲು ಹೇಳಿದರು. ಸಾಲು ನೆಟ್ಟಗಾಯಿತು. ಆಮೇಲೆ ದಿನವೆಲ್ಲ ಹಾಗೇ. ಒಂದು ನಾಳೆ ಎಂದರೆ ಬೇಗ, ಇನ್ನೊಂದು ನಾಳೆ ಎಂದರೆ ನಿಧಾನ, ಎಡಗೈ ಎತ್ತಿ ಎಳೆದು ಹೇಳಿದ ನಾಳೆ ಎಂದರೆ ಸಸಿ ಆಳಕ್ಕೆ ಹೋಗುತ್ತಿದೆ. ಯಮುನಮ್ಮ ಒಂದು ಸಲ ಎದುರುತ್ತರ ಕೊಡಲು ಹೋಗಿ ಬೈಸಿಕೊಂಡರು, ಅದೂ ಅದೇ ಒಂದು ಮಾತಿನಲ್ಲಿ. ಗುಂಪೆಲ್ಲ ನಕ್ಕಿತು, ಯಮುನಮ್ಮನೂ ನಕ್ಕರು.

ಮಧ್ಯಾಹ್ನ ಮಹೇಶ್ವರಪ್ಪ ಬಂದರು. ಬದುವಿನ ಮೇಲೆ ಕುರ್ಚಿ ನೋಡಿ ನಿಂತುಬಿಟ್ಟರು. ಗದ್ದೆಯ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಹತ್ತಿರ ಬಂದರು.

"ಗುತ್ಯಮ್ಮನೋರೆ, ಉಳಿದ ಗದ್ದೆನೂ ನಿಮ್ಮ ಗುಂಪಿಗೇ. ಮೆಷಿನ್‌ನವನಿಗೆ ಬೇಡ ಅಂತ ಹೇಳ್ತೀನಿ."

ಗುತ್ಯಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಎಡಗೈ ಎತ್ತಿ ಆಗಲಿ ಅನ್ನುವ ಹಾಗೆ ಬೀಸಿದರು. ಧನಲಕ್ಷ್ಮಿ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಅವಳ ಉಗುರಿನ ಗುರುತು ಸಂಜೆವರೆಗೂ ಇತ್ತು. "ನಮ್ಮವ್ವ ಅಕ್ಕಾ," ಅಂತ ಅವಳು ಹೇಳುತ್ತಲೇ ಇದ್ದಳು. "ನೋಡಿ, ನಮ್ಮವ್ವ." ನಾನು ಅವರ ಮಗಳೂ ಅಲ್ಲ, ನೆಂಟಳೂ ಅಲ್ಲ. ಆದರೂ ಆ ದಿನ ಆ ಬದುವಿನ ಮೇಲೆ ನನ್ನ ಎದೆ ಉಬ್ಬಿದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ಗುತ್ಯಮ್ಮ ಕೋಲು ಹಿಡಿದು ತಾವೇ ನಡೆಯುತ್ತಾರೆ. ಬಲಗೈ ಅಷ್ಟಾಗಿ ಬಂದಿಲ್ಲ. ಮಾತು ಒಂದೊಂದೇ ಬರುತ್ತಿದೆ, ಅವಸರವಿಲ್ಲದೆ. ಕುಪ್ಪಗಡ್ಡೆಗೇ ವಾಪಸ್ಸಾಗಿದ್ದಾರೆ, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಬರುತ್ತಾರೆ. ಕಳೆದ ಸಲ ನಾನೂ ಜೊತೆಗೆ ಹೋಗಿದ್ದೆ. ಮೇಡಂ ಅವರ ಕೋಣೆಯ ಹೊರಗೆ ಸೊರಬದ ಕಡೆಯವರೇ ಒಬ್ಬರು, ಬಟ್ಟೆ ಅಂಗಡಿ ಇಟ್ಟಿದ್ದವರಂತೆ, ಗಾಲಿಕುರ್ಚಿಯಲ್ಲಿ ಕೂತಿದ್ದರು. ಹೊಸದಾಗಿ ಲಕ್ವಾ ಹೊಡೆದಿತ್ತು. ಅವರ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹೆಂಡತಿ, ಮಗ ಇಬ್ಬರೂ ಪಕ್ಕದಲ್ಲಿ ನಿಂತು ಅವರ ವಿಷಯ ಮಾತಾಡುತ್ತಿದ್ದರು. ಇನ್ನು ಇವರಿಗೆ ಏನೂ ಗೊತ್ತಾಗಲ್ಲ, ಅಂಗಡಿ ಮುಚ್ಚೋದೇ ವಾಸಿ ಅಂತ ಹೆಂಡತಿ ಅಂದರು.

ಗುತ್ಯಮ್ಮ ನನ್ನ ತೋಳು ಬಿಟ್ಟು ಎದ್ದರು. ಕೋಲು ಊರಿಕೊಂಡು ಹೋಗಿ, ಎಡಗೈಯಲ್ಲಿ ಆ ಗಾಲಿಕುರ್ಚಿಯ ಹಿಡಿ ಹಿಡಿದು ಎಳೆದರು. ಒಂದೇ ಕೈಯಲ್ಲಿ ಅದು ಸುಲಭಕ್ಕೆ ತಿರುಗಲಿಲ್ಲ. ಆ ಹೆಂಗಸು, "ಯಾರ್ರೀ ನೀವು?" ಅಂತ ಬೆಚ್ಚಿದರು. ಗುತ್ಯಮ್ಮ ಬಿಡಲಿಲ್ಲ. ಆ ಮನುಷ್ಯನ ಮುಖ ಹೆಂಡತಿ ಮಗನ ಕಡೆ ಬರುವವರೆಗೂ ತಿರುಗಿಸಿದರು. ಆ ಗಂಡಸಿನ ಕಣ್ಣಲ್ಲಿ ನೀರು ತುಂಬಿತ್ತು.

ಗುತ್ಯಮ್ಮ ಬಾಯಿ ತೆರೆದರು. ಮಾತು ಹೊರಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ನಾವೆಲ್ಲ ಕಾದೆವು.

"ಅವ್ರನ್ನ," ಅಂದರು. ಒಂದು ಉಸಿರು ತೆಗೆದುಕೊಂಡರು. "ಅವ್ರನ್ನ… ಕೇಳು."